ಪಟ್ಟಿಯ ಮೊದಲ ಹೆಸರು

ಕಟಪಾಡಿಯಲ್ಲಿ ಕೊನೆಯ ಬಸ್ಸಿನಿಂದ ಇಳಿದು ಮಟ್ಟುವಿಗೆ ನಡೆಯುವ ದಾರಿಯಲ್ಲಿ, ಗುಳ್ಳಬದನೆಯ ಗದ್ದೆಗಳು ಶುರುವಾಗುವ ಮೊದಲು, ಒಂದು ಬಾವಿ ಉಂಟು. ಕಟ್ಟೆ ಒಂದು ಕಡೆ ಕುಸಿದಿದೆ. ರಾಟೆ ಇದೆ, ಹಗ್ಗ ಇಲ್ಲ. ಹಗ್ಗವಿಲ್ಲದ ರಾಟೆ ತಿರುಗುವ ಸದ್ದು ಕೇಳಿದವರು ಹೆಚ್ಚು ಮಂದಿ ಇಲ್ಲ. ನನ್ನ ನೆರೆಮನೆಯ ಹಸೈನಾರ್ ಕೇಳಿದ್ದಾನೆ. ಸೈಕಲ್ಲಿನಲ್ಲಿ ಮೀನು ಮಾರುವವನು. ನಿನ್ನೆಯ ಮೀನನ್ನು ನಿನ್ನೆಯದೆಂದೇ ಹೇಳಿ ಮಾರುವ ಮನುಷ್ಯ. ಅವನು ಹೇಳಿದ್ದನ್ನು ಹೇಳುತ್ತೇನೆ.

ಎಂಬತ್ತೇಳನೇ ಇಸವಿ, ಆಗಸ್ಟ್, ಒಂದು ಮಂಗಳವಾರ. ಹಸೈನಾರ್ ಆ ದಿನ ಬೆಳಗ್ಗಿನಿಂದ ಸರ್ಕಾರಿ ಆಸ್ಪತ್ರೆಯಲ್ಲಿದ್ದ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಅಲ್ಲಿಯ ಬೆಂಚಿನಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ, ಕೂರದವರಿಗೆ ಹೇಳಿ ಪ್ರಯೋಜನವಿಲ್ಲ.

ಅವನ ಹೆಂಡತಿ ಮುನೀರಾಗೆ ಏಳು ತಿಂಗಳು. ಎರಡು ಸಲ ನೋವಿಲ್ಲದೆ ರಕ್ತ ಹೋಗಿತ್ತು. ಕಾಪುವಿನ ಡಾಕ್ಟರು ಹೇಳಿದ್ದು ಇಷ್ಟು: "ಮಾಸು ಮಗುವಿನ ದಾರಿಗೆ ಅಡ್ಡ, ಕೆಳಗೆ ಉಂಟೋ ಎಂತದೋ. ಹಾಗಿದ್ದರೆ ಮನೆಯಲ್ಲಿ ನೋವು ಶುರುವಾಗಬಾರದು. ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ಮೊದಲೇ ವಾರ್ಡಿಗೆ ಸೇರಿಸಿಕೊಳ್ಳಬೇಕಾದರೆ ಸ್ಕ್ಯಾನಿನ ಕಾಗದ ಕೇಳುತ್ತಾರೆ." ಖಾಸಗಿಯಲ್ಲಿ ಸ್ಕ್ಯಾನ್ ಮಾಡಿಸುವುದು ಹಸೈನಾರಿನಿಂದ ಆಗುವ ಕೆಲಸವಲ್ಲ. ಸರ್ಕಾರದ್ದು ಒಂದು ಯಂತ್ರ ಇತ್ತು. ಅದು ಮಂಗಳವಾರ ಮಾತ್ರ ನಡೆಯುತ್ತಿತ್ತು.

ಗುಮಾಸ್ತ ಪುಟ ತಿರುಗಿಸಿದ. ಬೆರಳು ನಾಲಿಗೆಗೆ ತಾಗಿಸಿ, ಚರ್... ಚರ್... ಎಂದು ಪುಟ ಎಳೆಯುವ ಅಭ್ಯಾಸ ಅವನಿಗೆ.

"ನವೆಂಬರ್ ಹದಿನೇಳು."

"ಸಾರ್, ಹೆರಿಗೆ ಅಕ್ಟೋಬರಿನಲ್ಲಿ."

"ಅದಕ್ಕೆ ನಾನೆಂತ ಮಾಡುವುದು ಮಾರಾಯ? ಮಗುವಿಗೆ ಸ್ವಲ್ಪ ತಡೆದುಕೊಳ್ಳಲು ಹೇಳು."

ಬೆಂಚಿನ ಮುಂದಿನ ತುದಿಯಲ್ಲಿದ್ದವರು ನಕ್ಕರು. ಮುಂದಿನ ತುದಿಯಲ್ಲಿದ್ದವರು ಗುಮಾಸ್ತ ಎಂತ ಹೇಳಿದರೂ ನಗಬೇಕಾಗುತ್ತದೆ.

ಆ ಪಟ್ಟಿಗೆ ಒಂದು ನಿಯಮ ಇತ್ತು. ಕರೆದಾಗ ಬಾರದವರ ಹೆಸರನ್ನು ಮುಂದಿನ ವಾರದ ಪಟ್ಟಿಯ ತಲೆಗೆ ಬರೆಯಬೇಕು. ದೂರದ ಊರಿನವರಿಗೆ ಅನ್ಯಾಯ ಆಗಬಾರದೆಂದು ಯಾರೋ ಒಳ್ಳೆಯವರು ಮಾಡಿದ ನಿಯಮ. ಹಾಗಾಗಿ ಆ ದಿನವೂ ಪಟ್ಟಿಯ ತಲೆಯಲ್ಲಿ ಒಂದೇ ಹೆಸರು. ಜವಾನ ಕಜೆಟನ್ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. ಝೀಟಾ ಮಥಾಯಸ್... ಝೀಟಾ ಮಥಾಯಸ್... ಝೀಟಾ ಮಥಾಯಸ್. ಯಾರೂ ಏಳಲಿಲ್ಲ. ಬಾರದವರ ಜಾಗ ಗುಮಾಸ್ತನದು. ಮಂಡಲ ಪಂಚಾಯತಿಯ ಪ್ರಧಾನರ ಚೀಟಿ ಹಿಡಿದು ಕುರ್ಚಿಯಲ್ಲಿ ಕೂತಿದ್ದ ಯಾರದೋ ಸೊಸೆ ಒಳಗೆ ಹೋದಳು. ಪ್ರತಿ ಮಂಗಳವಾರ ಝೀಟಾ ಬರುವುದಿಲ್ಲ. ಪ್ರತಿ ಮಂಗಳವಾರ ಒಬ್ಬಳು ಸೊಸೆ ಬರುತ್ತಾಳೆ.

ಹಸೈನಾರ್ ಸಂಜೆಯವರೆಗೆ ಬೇಡಿಕೊಂಡು, ಕೊನೆಯ ಬಸ್ಸು ಹಿಡಿದು, ಕಟಪಾಡಿಯಲ್ಲಿ ಇಳಿದು ನಡೆದ. ಮಳೆ ನಿಂತಿತ್ತು. ಚಪ್ಪಲಿ ಕೆಸರಿನಿಂದ ಏಳುವಾಗ ಪಚಕ್... ಪಚಕ್... ಅದೊಂದೇ ಸದ್ದು.

ಬಾವಿಯ ಹತ್ತಿರ ಇನ್ನೊಂದು ಸದ್ದು. ಕಿರ್ರ್... ನಿಂತಿತು. ಮತ್ತೆ ಕಿರ್ರ್...

ಕಟ್ಟೆಯ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ಕೊಡೆ ಬಿಡಿಸಿದ್ದಳು. ಕೊಡೆಯ ಕಡ್ಡಿಗಳಿಂದ ನೀರು ತೊಟ್... ತೊಟ್... ಎಂದು ಬೀಳುತ್ತಿತ್ತು. ಬಸುರಿ.

"ಇವತ್ತು ನನ್ನ ಹೆಸರು ಕರೆದರಾ?" ಪಿಸುಮಾತು.

"ಯಾವ ಹೆಸರು?"

"ಝೀಟಾ. ಝೀಟಾ ಮಥಾಯಸ್."

"ಕರೆದರು. ಮೂರು ಸಲ."

"ಇಲ್ಲಿಗೆ ಕೇಳುವುದಿಲ್ಲ. ದೂರ ಅಲ್ವಾ."

ಅವಳೇ ಕೇಳಿದಳು.

"ನಿಮ್ಮ ಹೆಂಡತಿಗೆ ರಕ್ತ ಹೋಗುತ್ತಾ?"

"ಎರಡು ಸಲ ಹೋಯಿತು."

"ನನಗೆ ಮೂರು ಸಲ..." ಕೊಡೆ ಸ್ವಲ್ಪ ವಾಲಿತು. "ಅವಳಿಗೆ ಯಾವ ದಿನ ಕೊಟ್ಟಿದ್ದಾರೆ?"

"ನವೆಂಬರ್ ಹದಿನೇಳು."

"ಬರುವ ಮಂಗಳವಾರ ನನ್ನ ಹೆಸರು ಕರೆದಾಗ ಅವಳು ಹೋಗಲಿ. ಅವಳ ದಿನಕ್ಕೆ ನಾನು ಹೋಗುತ್ತೇನೆ."

ಬದುಕಿರುವ ಹೆಂಗಸೆಂದೇ ಹಸೈನಾರ್ ತಿಳಿದದ್ದು. ಬೆಂಚಿನ ಹಿಂದಿನ ತುದಿಯಲ್ಲಿ ಎಲ್ಲೋ ತನ್ನನ್ನು ನೋಡಿರಬೇಕು, ಹೆಸರು ಕರೆಯುವ ಮೊದಲು ಬಸ್ಸಿಗೆಂದು ಎದ್ದು ಹೋಗಿರಬೇಕು ಎಂದುಕೊಂಡ. ಆಗಲಿ ಎಂದು ಹೇಳಿ ಹತ್ತು ಹೆಜ್ಜೆ ಇಟ್ಟ. ಹಿಂದಿನಿಂದ ಕಿರ್ರ್... ಎಂದಿತು. ತಿರುಗಿದ. ಕಟ್ಟೆಯ ಮೇಲೆ ಯಾರೂ ಇಲ್ಲ. ಹಗ್ಗವಿಲ್ಲದ ರಾಟೆ ತಿರುಗುತ್ತಿತ್ತು.

ಮನೆಯಲ್ಲಿ ಅವನ ತಾಯಿ ಆಮಿನಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದರು. ಟಕ್, ಟಕ್, ಟಕ್. ಊರಿನ ಅರ್ಧ ಮಕ್ಕಳನ್ನು ಹೆರಿಸಿದ ಕೈ ಅದು. ಝೀಟಾ ಎಂಬ ಹೆಸರು ಕೇಳಿ ಕುಟ್ಟುವುದು ನಿಂತಿತು.

"ಯಾವ ಝೀಟಾ?"

"ಮಥಾಯಸ್ ಅಂತೆ, ಉಮ್ಮ. ಬಾವಿಯ ಹತ್ತಿರ ಇದ್ದಳು."

ಆಮಿನಮ್ಮ ಬಾಗಿಲ ಅಗಳಿ ಹಾಕಿ ಬಂದು ಕೂತರು. ಆಮೇಲೆ ಮೆಲ್ಲಗೆ ಹೇಳಿದರು. "ಅವಳು ಸತ್ತು ಮೂರು ವರ್ಷ. ಅವಳ ಗಂಡ ಅಲೆಕ್ಸಾಂಡರ್ ರಾತ್ರಿ ನನ್ನನ್ನು ಕರೆಯಲು ಬಂದಿದ್ದ. ಹೋಗುವಾಗ ನೆಲವೆಲ್ಲ ರಕ್ತ. ಕಾರಿಗೆ ಎತ್ತಿದೆವು. ಕಾರು ಆ ಬಾವಿ ದಾಟುವ ಮೊದಲೇ ಜೀವ ಹೋಯಿತು... ಹೊಟ್ಟೆಯಲ್ಲಿದ್ದದ್ದು ಹೊಟ್ಟೆಯಲ್ಲೇ ಹೋಯಿತು. ಅವಳಿಗೂ ದಿನ ಕೊಟ್ಟಿದ್ದರು. ಇನ್ನೂ ಎರಡು ತಿಂಗಳಿತ್ತು ಆ ದಿನಕ್ಕೆ."

ಅಲೆಕ್ಸಾಂಡರ್ ಆಮೇಲೆ ಆಸ್ಪತ್ರೆಗೆ ಹೋಗಿ, ಹೆಂಡತಿ ಸತ್ತಿದ್ದಾಳೆ, ಹೆಸರು ತೆಗೆಯಿರಿ ಎಂದಿದ್ದನಂತೆ. ಮರಣಪತ್ರ ತಾ ಎಂದರು. ತಂದ. ನಕಲಿಗೆ ಸಹಿ ಇಲ್ಲ ಎಂದರು. ಅವನು ಮತ್ತೆ ಹೋಗಲಿಲ್ಲ, ಬೊಂಬಾಯಿಗೆ ಹೋದ.

"ಬೇಡ," ಎಂದರು ಆಮಿನಮ್ಮ. "ಸತ್ತವಳ ಸರದಿ ಬೇಡ. ಹೆರಿಗೆ ನಾನೇ ಮಾಡಿಸುತ್ತೇನೆ."

ಮುನೀರಾ ಗೋಡೆಗೆ ಒರಗಿ ಕೂತಿದ್ದಳು.

"ಬದುಕಿದವರು ಯಾರೂ ಕೊಡಲಿಲ್ಲ ಅಲ್ವಾ, ಉಮ್ಮ," ಎಂದಳು. "ನಾನು ಹೋಗುತ್ತೇನೆ."

ಮುಂದಿನ ಮಂಗಳವಾರ ಕುರ್ಚಿಯಲ್ಲಿ ಬೇರೆ ಒಬ್ಬಳು ಸೊಸೆ, ಬೇರೆ ಚೀಟಿ. ಕಜೆಟನ್ ಮೂರನೇ ಸಲ ಕೂಗುವಾಗಲೇ ಅವಳು ಅರ್ಧ ಎದ್ದಿದ್ದಳು. ಹಿಂದಿನಿಂದ ಮುನೀರಾ, "ಬಂದಿದ್ದೇನೆ," ಎಂದಳು.

ಗುಮಾಸ್ತ ತಲೆ ಎತ್ತಿದ. ಅವನು ತಲೆ ಎತ್ತಿದ್ದನ್ನು ಹಸೈನಾರ್ ನೋಡಿದ್ದು ಅದೇ ಮೊದಲು. ತಲೆಗೆ ಬಟ್ಟೆ ಹೊದ್ದ ಬ್ಯಾರಿ ಹೆಂಗಸು. ಝೀಟಾ ಮಥಾಯಸ್ ಅಲ್ಲವೆಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಅವನು ಎಂತ ಹೇಳುವುದು? ಝೀಟಾ ಸತ್ತಿದ್ದಾಳೆ ಎನ್ನುವುದೇ? ಹಾಗಾದರೆ ಮೂರು ವರ್ಷ ಯಾರನ್ನು ಕರೆದದ್ದು, ಆ ಜಾಗದಲ್ಲಿ ಯಾರು ಯಾರು ಒಳಗೆ ಹೋದದ್ದು? ಬೆಂಚಿನ ತುಂಬ ಜನ. ಸೀಲು ತೆಗೆದು ಧಡ್ ಎಂದು ಒತ್ತಿದ.

ಒಳಗೆ ಯಂತ್ರ ಗುಂಯ್... ಎನ್ನುತ್ತಿತ್ತು. ಡಾಕ್ಟರು ಮುಖ ನೋಡುವವರಲ್ಲ, ಪರದೆಯ ಕೆಳಗೆ ಕಾಣುವ ಕಾಲು ಮಾತ್ರ ನೋಡುತ್ತಿದ್ದರು.

"ಒಳಗೆ ಒಬ್ಬರೇ ಅಂತ ಹೇಳಿಲ್ವಾ? ಅವರನ್ನು ಹೊರಗೆ ಕಳಿಸು."

"ನಾನು ಒಬ್ಬಳೇ ಬಂದದ್ದು," ಎಂದಳು ಮುನೀರಾ, ಮೇಜಿನ ಮೇಲೆ ಮಲಗಿಕೊಂಡು.

ಡಾಕ್ಟರು ಪರದೆಯ ಕೆಳಗೆ ಇನ್ನೊಮ್ಮೆ ನೋಡಿ ಯಂತ್ರದ ಕಡೆ ತಿರುಗಿದರು.

ಮಾಸು ಕೆಳಗೇ ಇತ್ತು. ಕಾಪುವಿನ ಡಾಕ್ಟರು ಕಾಗದದಲ್ಲಿ ಹೆಸರು ಓದಲಿಲ್ಲವೋ, ಓದಿಯೂ ಸುಮ್ಮನಿದ್ದರೋ ಗೊತ್ತಿಲ್ಲ. ಅವರೇ ಮಾತಾಡಿ ವಾರ್ಡಿಗೆ ಸೇರಿಸಿದರು. ಅಕ್ಟೋಬರಿನಲ್ಲಿ, ನೋವು ಬರುವ ಮೊದಲೇ ಆಪರೇಷನ್ ಆಯಿತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೆಸರು ಬದಲಿಸಿ ಒಳಗೆ ಹೋಗುವುದು ನಮ್ಮ ಆಸ್ಪತ್ರೆಗಳಲ್ಲಿ ದೆವ್ವದ ಕೆಲಸವೇನಲ್ಲ.

ನವೆಂಬರ್ ಹದಿನೇಳು ಮಂಗಳವಾರ. ಮುನೀರಾಳ ಹೆಸರು ಪಟ್ಟಿಯಲ್ಲಿ ಉಳಿದುಬಿಟ್ಟರೆ ಪ್ರತಿ ವಾರ ಕೂಗುತ್ತಾರೆ ಎಂದು ಹಸೈನಾರಿಗೆ ಹೆದರಿಕೆ. ಬದುಕಿರುವವಳ ಹೆಸರನ್ನು ಹಾಗೆ ಕೂಗಬಾರದು. ತೆಗೆಸಿಬಿಡೋಣ ಎಂದು ಹೋದ. ಬಸ್ಸು ತಡವಾಗಿ, ತಲುಪುವಾಗ ಹನ್ನೊಂದು ದಾಟಿತ್ತು. ಹೆಂಡತಿ ಮುನೀರಾಳ ಹೆಸರು ತೆಗೆಸಬೇಕು ಎಂದು ಬಾಗಿಲಲ್ಲಿದ್ದ ಕಜೆಟನಿಗೆ ಹೇಳಿದ.

"ಮುನೀರಾಳ ಕಡೆಯವನಾ ನೀನು? ಒಳ್ಳೆಯದಾಯಿತು. ಅವಳು ಕಾಗದ ಬಿಟ್ಟು ಹೋಗಿದ್ದಾಳೆ."

"ಯಾರು?"

"ನಿನ್ನ ಹೆಂಡತಿ. ಒಂದೇ ಸಲ ಕರೆದದ್ದು, ಎದ್ದು ಬಂದಳು."

"ಹೇಗಿದ್ದಳು?"

"ಇಲ್ಲಿ ಮುಖ ಯಾರು ನೋಡುತ್ತಾರೆ ಮಾರಾಯ? ಕೈಯಲ್ಲಿ ಕೊಡೆ ಇತ್ತು. ನೆಲ ಎಲ್ಲ ನೀರು ಮಾಡಿ ಹೋದಳು. ಹೊರಗೆ ಮಳೆಯೇ ಇಲ್ಲ."

ಆ ಹೊತ್ತಿಗೆ ಮುನೀರಾ ಮಟ್ಟುವಿನಲ್ಲಿ, ನಮ್ಮ ಮನೆಯ ಜಗಲಿಯಲ್ಲಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಹೆಂಡತಿಯೊಡನೆ ಮಾತಾಡುತ್ತಿದ್ದಳು. ನಾನು ಪಕ್ಕದಲ್ಲಿ ಪೇಪರ್ ಓದುತ್ತಿದ್ದೆ. ಇದಕ್ಕೆ ನಾನೇ ಸಾಕ್ಷಿ.

ಕಾಗದ ಹಸೈನಾರಿನ ಟ್ರಂಕಿನಲ್ಲಿದೆ. ನಾನು ಕೈಯಲ್ಲಿ ಹಿಡಿದು ಮೂರು ಸಲ ಓದಿದ್ದೇನೆ. ಹೆಸರು, ಮುನೀರಾ. ದಿನಾಂಕ, ನವೆಂಬರ್ ಹದಿನೇಳು. ಗರ್ಭಕ್ಕೆ ಏಳು ತಿಂಗಳು. ಮಾಸು ಕೆಳಗಿದೆ. ಮಗುವಿನ ಹೃದಯದ ಬಡಿತ ಎಂಬಲ್ಲಿ ಶಾಯಿಯಿಂದ ಒಂದು ಅಡ್ಡಗೆರೆ.

ನನ್ನ ಮಾತು ನಂಬದಿದ್ದರೆ ಬೇಡ. ಕೆಳಗೆ ಸರ್ಕಾರದ ಸೀಲು ಉಂಟು.