ಮೂರು ವರ್ಷ ಬಿಟ್ಟು ಬಾ

ಒಬ್ಬ ಶ್ರೀಮಂತ ಇದ್ದ. ಯಾವೂರು ಅಂತ ಕೇಳಬೇಡಿ, ಹೇಳಿದರೆ ನಮ್ಮವನೇ ಅಂತ ಗುರುತು ಹಿಡಿದುಬಿಡ್ತೀರಿ. ಎಣ್ಣೆ ಗಿರಣಿ ಇತ್ತು, ದೊಡ್ಡ ಮನೆ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅನುಮಾನ ಇತ್ತು. ಹೆಂಡತಿ ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಯಾಕೆ ನಗಲಿಲ್ಲ. ಗುಡಿಯಲ್ಲಿ ಕೈ ಮುಗಿಯುವಾಗಲೂ ಒಂದು ಕಣ್ಣು ಚಪ್ಪಲಿ ಮೇಲೆ. ನಗ್ತೀರಲ್ಲ, ನೀವು ಎಷ್ಟು ಸಲ ಹಿಂದೆ ತಿರುಗಿ ನೋಡಿದಿರಿ ಅಂತ ಇಲ್ಲಿಂದ ನನಗೆ ಕಾಣುತ್ತೆ.

ಇಂಥ ಹುಷಾರಿನ ಮನುಷ್ಯ ಸಿಕ್ಕೋದು ಕಷ್ಟ ಅಂತ ಅವನನ್ನು ಜೈಲಿನ ಸಮಿತಿಗೆ ಹಿರಿಯನಾಗಿ ಕೂರಿಸಿದರು. ಬಹಳ ಕಾಲ ಶಿಕ್ಷೆ ಅನುಭವಿಸಿದ ಕೈದಿ ತಿದ್ದಿಕೊಂಡಿದ್ದಾನಾ, ಮನೆಗೆ ಕಳಿಸಬಹುದಾ ಅಂತ ಕರೆದು ನೋಡೋ ಸಮಿತಿ ಅದು. ಬೇಡ ಅಂದರೆ ಮತ್ತೆ ಕರೆಯೋದು ಮೂರು ವರ್ಷ ಬಿಟ್ಟು. ಅದು ಅಲ್ಲಿನ ಕಟ್ಟಳೆ.

ಒಬ್ಬ ಕೈದಿ ಬಂದ. ಗದ್ದೆಗೆ ನೀರು ಬಿಡೋ ಸರದಿಗೆ ಜಗಳವಾಗಿ ಒಡಹುಟ್ಟಿದ ಅಣ್ಣನನ್ನೇ ಗುದ್ದಲಿಯಿಂದ ಹೊಡೆದು ಕೊಂದಿದ್ದ. ಅವನ ಪರವಾಗಿ ಮಾತಾಡೋಕೆ ಬಂದವರು ಯಾರು ಗೊತ್ತಾ? ಸತ್ತ ಅಣ್ಣನ ಹೆಂಡತಿ. ಪಿತೃಪಕ್ಷದಲ್ಲಿ ಗಂಡನಿಗೆ ಎಡೆ ಇಡೋಕೆ ಅವಳ ಮನೇಲಿ ಗಂಡಸಿಲ್ಲ.

"ಕೊಂದ ಕೈಯೇ ಎಡೆ ಇಡಲಿ ಸ್ವಾಮಿ," ಅಂದಳು. "ಅದನ್ನು ಕಣ್ಣಾರೆ ನೋಡಿದರೆ ನನ್ನ ಸಂಕಟ ತೀರುತ್ತೆ."

ಕೈದಿ ಗೊಳೋ ಅಂತ ಅತ್ತ. ಶ್ರೀಮಂತ ನಾಟಕ ಅಂದುಕೊಂಡ. ಗಂಡನನ್ನು ಕೊಂದವನಿಗಾಗಿ ಇವಳು ಯಾಕೆ ಓಡಾಡ್ತಾಳೆ, ಒಳಗೆ ಏನೋ ಇದೆ ಅಂತಲೂ ಅಂದುಕೊಂಡ. ಮೂರು ವರ್ಷ ಬಿಟ್ಟು ಬಾ ಅಂದ.

ಮೂರು ವರ್ಷ ಬಿಟ್ಟು ಬಂದ. ಅವಳೂ ಬಂದಳು. ಅತ್ತರೆ ನಂಬೋಲ್ಲ ಅಂತ ಕೈದಿ ಈ ಸಲ ಅಳಲಿಲ್ಲ. ಶ್ರೀಮಂತ ನೋಡಿದ, ಕಲ್ಲು ಮನಸ್ಸು ಅಂದ. ಮೂರು ವರ್ಷ ಬಿಟ್ಟು ಬಾ.

ಆಗ ಜೈಲಿಗೆ ಹೊಸದಾಗಿ ಬಂದಿದ್ದ ಅಧಿಕಾರಿ ಒಂದು ಮಾತು ಹೇಳಿದರು. ಬಿಡಿ ಅನ್ನಲಿಲ್ಲ, ವರ್ಷಕ್ಕೊಮ್ಮೆ ಕರೆದು ನೋಡೋಣ ಅಂದರು, ಅಷ್ಟೇ. ವರ್ಷಕ್ಕೊಮ್ಮೆ ಕರೆದರೆ ವರ್ಷಕ್ಕೊಮ್ಮೆ ನಾಟಕ ನೋಡಬೇಕಾಗುತ್ತೆ ಅಂತ ಶ್ರೀಮಂತ ಒಪ್ಪಲಿಲ್ಲ.

ತಾಯಂದಿರೇ, ನೀವು ಹೇಳಿ. ಅನ್ನಕ್ಕಿಟ್ಟು ಒಂದಗುಳು ಹಿಸುಕಿ ನೋಡ್ತೀರಿ. ಬೆಂದಿಲ್ಲ. ಮುಚ್ಚಳ ಮುಚ್ಚಿ ಮಾರನೇ ದಿನ ಬಂದು ನೋಡ್ತೀರಾ? ಇಲ್ಲ. ಸ್ವಲ್ಪ ಹೊತ್ತಿಗೇ ಮತ್ತೆ ನೋಡ್ತೀರಿ. ಅನ್ನಕ್ಕೆ ಇರೋ ಮರ್ಯಾದೆ ಮನುಷ್ಯನಿಗೆ ಇಲ್ಲವಾ? ನನಗೇನೋ ಆ ಶ್ರೀಮಂತನ ಮೇಲೇ ಅನುಮಾನ. ಮತ್ತೆ ಕರೆದರೆ ಮತ್ತೆ ಕೂರಬೇಕು, ಕೇಳಬೇಕು, ತಲೆ ಕೆಡಿಸಿಕೊಳ್ಳಬೇಕು. ಸೋಮಾರಿತನಕ್ಕೆ ಅವನು ಎಚ್ಚರಿಕೆ ಅಂತ ಹೆಸರಿಟ್ಟಿದ್ದ.

ಮೂರನೇ ಸಲ ಕೈದಿ ಒಬ್ಬನೇ ಬಂದ. ಶ್ರೀಮಂತನಿಗೆ ಖುಷಿಯಾಯ್ತು. ನೋಡಿದಿರಾ, ಅವಳಿಗೂ ಇವನ ಮೇಲೆ ನಂಬಿಕೆ ಹೋಗಿದೆ ಅಂತ ಪಕ್ಕದವರಿಗೆ ಹೇಳಿದ. ಯಾಕಯ್ಯಾ, ನಿನ್ನ ಅತ್ತಿಗೆ ಬರಲಿಲ್ಲ ಅಂತ ಕೇಳಿದ.

"ಅತ್ತಿಗೆ ತೀರಿಕೊಂಡು ಎರಡು ವರ್ಷ ಆಯ್ತು ಸ್ವಾಮಿ," ಅಂದ ಕೈದಿ. "ಈಗ ಬಿಟ್ಟರೆ ಎರಡು ಎಡೆ ಇಡಬೇಕು."

ಶ್ರೀಮಂತ ಅವತ್ತೇ ಬಿಡುಗಡೆಗೆ ಒಪ್ಪಿದ. ಕಟ್ಟಳೆಯನ್ನೂ ಒಂದು ವರ್ಷಕ್ಕೆ ಇಳಿಸಿದ. ಅಂಥ ಹುಷಾರಿನ ಮನುಷ್ಯನಿಗೆ ಅವಳ ಸಂಕಟ ತೀರಿಸೋ ದಾರಿ ಮಾತ್ರ ಉಳಿದಿರಲಿಲ್ಲ.

ಈಗ ಕಣ್ಣೊರೆಸಿಕೊಳ್ತಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕಣ್ಣೀರಿನ ಮೇಲೂ ನನಗೆ ಅನುಮಾನ. ನಿಮ್ಮ ಮನೆಯಲ್ಲೂ ಒಂದು ಸಮಿತಿ ಇದೆ, ನೀವೇ ಹಿರಿಯರು. ಸೊಸೆ ಮದುವೆಯಾದ ಹೊಸತರಲ್ಲಿ ಒಂದು ಸುಳ್ಳು ಹೇಳಿದಳು, ಇವತ್ತಿಗೂ ಅವಳ ಮಾತು ನಂಬೋಲ್ಲ. ತಮ್ಮ ಯಾವುದೋ ಕಾಲದಲ್ಲಿ ಕುಡಿದು ಬಂದು ಬೈದ, ಅವನು ಕುಡಿಯೋದು ಬಿಟ್ಟಿದ್ದಾನಾ ಅಂತ ಒಂದು ದಿನವಾದರೂ ಹೋಗಿ ನೋಡಿದಿರಾ? ಜೈಲಿಂದ ಬಂದವನು ಕೆಲಸ ಕೇಳಿದರೆ ಆಮೇಲೆ ಬಾ ಅಂತೀರಿ. ಆ ಆಮೇಲೆ ಯಾವತ್ತು?

ಕಣ್ಣು ಮುಚ್ಚಿ ನಂಬಿ ಅಂತ ನಾನು ಹೇಳ್ತಿಲ್ಲ. ಬೆಂದಿಲ್ಲವಾ, ಇವತ್ತು ಬೇಡ ಅನ್ನಿ. ಆದರೆ ನಾಳೆ ಮುಚ್ಚಳ ತೆಗೆದು ನೋಡಿ. ಇವತ್ತು ಇಲ್ಲಿಂದ ಎದ್ದವರು ನೆಟ್ಟಗೆ ಆ ತಮ್ಮನ ಬಾಗಿಲಿಗೆ ಹೋಗಿ, ಊಟಕ್ಕೆ ಕರೆಯಿರಿ. ಅವನಿಗೆ ನೀವು ಎಡೆ ಇಡೋ ಮುಂಚೆ, ಇಲ್ಲಾ ನಿಮಗೆ ಅವನು ಎಡೆ ಇಡೋ ಮುಂಚೆ, ಒಂದು ಸಲ ಪಕ್ಕದಲ್ಲಿ ಕೂತು ಉಣ್ಣಿ.