ಇಡೀ ಬಂದರಿನ ಭಾವ

ಹಿರಿಯರಿಗೆ, ಬಂದರಿನ ಜೊತೆಗಾರರಿಗೆ, ಮುಂದಿನ ಸಾಲಿನಲ್ಲಿ ಮಗಳ ಜೊತೆ ಕುಳಿತಿರುವ ಅಕ್ಕನಿಗೆ — ನಮಸ್ಕಾರ. ನನಗೆ ಭಾಷಣ ಬಾರದು. ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾಳೆ ಇನ್ನೊಂದು ಹಡಗು ಬರುತ್ತದೆ, ಇನ್ನೊಂದು ಹೆಣ ಬೀಳಬಾರದು — ಅದಕ್ಕೇ ಎದ್ದು ನಿಂತಿದ್ದೇನೆ.

ನಾನು ಕ್ರೇನ್ ನಡೆಸುವವನು. ಕೆಳಗೆ ನಿಂತು ಹೀಗೆ — ಹೀಗೆ — ಕೈಸನ್ನೆ ಮಾಡುತ್ತಿದ್ದವರು ನಮ್ಮ ಭಾವ. ತಮಾಷೆಗೆ ನಾನು ಹಾಗೆ ಕರೆದೆ, ಆಮೇಲೆ ಇಡೀ ಬಂದರೇ ಕರೆಯಿತು. ಒಂದು ದಿನ ಗಂಡನಿಗೆ ಊಟ ತಂದ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿದರು:

"ಏನ್ರೀ, ನಮ್ಮಪ್ಪ ಇಷ್ಟೊಂದು ಗಂಡುಮಕ್ಕಳನ್ನ ಯಾವಾಗ ಹೆತ್ತ?"

"ನೀನು ತಂದ ಬಳುವಳಿ ಕಣೇ. ಬಡಿಸು, ಹಸಿದಿದ್ದಾರೆ."

ನಗಿ, ಪರವಾಗಿಲ್ಲ. ಅವರೂ ನಗುತ್ತಿದ್ದರು.

ಆಮೇಲೆ ಆ ಸುದ್ದಿ ಬಂತು. ನಾವೂ ಇರುವ, ಈಗಷ್ಟೇ ತಲೆಯೆತ್ತುತ್ತಿರುವ ದೇಶಗಳ ಒಕ್ಕೂಟಕ್ಕೆ ಇನ್ನಷ್ಟು ದೇಶಗಳು ಸೇರಿದವು, ಇನ್ನು ಅವರ ಹಡಗುಗಳೂ ನಮ್ಮ ಬಂದರಿಗೆ ಬರುತ್ತವೆ ಎಂದು. ಕ್ಯಾಂಟೀನಿನಲ್ಲಿ ಒಂದೇ ಗಲಾಟೆ. "ಅವ್ರ ಹಡಗು, ಅವ್ರ ಆಳು, ನಮ್ಮ ಬಾಯಿಗೆ ಮಣ್ಣು!"

ಭಾವ ಲೋಟ ಕುಕ್ಕಿದರು. "ಲೋ, ಇಷ್ಟು ವರ್ಷ ನಮ್ಮ ಸರಕಿಗೆ ಬೆಲೆ ಕಟ್ಟಿದ್ದು ಯಾರು? ಎಲ್ಲೋ ಕೂತ ನಾಲ್ಕು ಶ್ರೀಮಂತ ದೇಶ. ಅವ್ರು ಮುನಿಸ್ಕೊಂಡ್ರೆ ವ್ಯಾಪಾರ ಬಂದ್. ಈಗ ನಾವ್ನಾವೇ ಕೊಟ್ಟು ತಗೊಂಡ್ರೆ ಲೋಕದಲ್ಲಿ ನಮ್ಮ ಮಾತಿಗೂ ತೂಕ ಬರುತ್ತೆ."

"ಕೆಲಸ ಹೋದ್ರೆ?"

"ಹೋದ್ರೆ ಒಪ್ಪಂದಕ್ಕೆ ಸಹಿ ಹಾಕಿದೋರ ಕಾಲರ್ ಹಿಡಿ. ಹಡಗಿನ ಆಳು ನಿಂಗೇನ್ ಮಾಡಿದ?"

ಹೊಸದಾಗಿ ಸೇರಿದ ಒಂದು ದೇಶದ ಮೊದಲ ಹಡಗು ಬಂತು. ಅದರಲ್ಲಿದ್ದ ಒಬ್ಬ ನಾವಿಕ ನಮ್ಮ ಭಾಷೆಯಲ್ಲಿ ಕಲಿತದ್ದು ಒಂದೇ ಮಾತು — ಭಾವ. ನಾವೆಲ್ಲ ಕರೆಯುವುದು ಕೇಳಿ ಅದು ಅವರ ಹೆಸರು ಎಂದುಕೊಂಡಿದ್ದ, ಪಾಪ.

ಮಾರನೇ ದಿನ ಗೋದಾಮಿನ ಬಾಗಿಲಲ್ಲಿ ಅವನನ್ನು ನಮ್ಮವರು ಕೆಡವಿದರು. ಸಲಾಕೆಯಿಂದ ಮೊಣಕಾಲು ಒಡೆದರು. ಬೂಟುಗಾಲಿನಿಂದ ಬಾಯಿಗೆ ಒದ್ದರು. ರಕ್ತ ಉಗುಳುತ್ತಾ ಅವನು ಆ ಒಂದೇ ಮಾತು ಕೂಗಿದ — ಭಾವ, ಭಾವ. "ನಮ್ಮ ಮಾತಲ್ಲೇ ನಾಟಕ ಆಡ್ತಾನೆ, ಹಾಕ್ರೋ!" ಎಂದರು. ನಾನು ಕ್ರೇನಿನಿಂದ ಇಳಿಯುವಷ್ಟರಲ್ಲಿ ಭಾವ ಓಡಿಹೋಗಿ ಅವನ ಮೇಲೆ ಬಿದ್ದು ತಬ್ಬಿಕೊಂಡಿದ್ದರು. ಹೊಡೆತ ನಿಲ್ಲಲಿಲ್ಲ. ಬೆನ್ನಿಗೆ — ಕುತ್ತಿಗೆಗೆ — ತಲೆಗೆ. ತಲೆ ಒಡೆದ ಸದ್ದು ನನ್ನ ಕಿವಿಯಲ್ಲೇ ಇದೆ. ಬಿಡಿಸಲು ಹೋದ ಕೈ ಇದು — ನೋಡಿ, ಬೆರಳು ಮಡಚಲು ಆಗುತ್ತಿಲ್ಲ.

ನಾವಿಕ ಉಳಿದ. ಭಾವ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದರು: "ಯಾರಮ್ಮಾ ಹೊಡೆದೋರು?"

"ನನ್ನ ತಮ್ಮಂದಿರು ಸಾರ್," ಎಂದರು ಅಕ್ಕ. "ಒಬ್ಬೊಬ್ಬರಿಗೂ ಬಡಿಸಿದೀನಿ."

ನಾಳೆ ಅದೇ ದೇಶದ ಎರಡನೇ ಹಡಗು. ಅದರ ಆಳುಗಳನ್ನು ಬಡಿಯಲು ಒಂದು ಗುಂಪು ಸಿದ್ಧವಾಗಿದೆ. ಭಾವನ ಸೇಡು ತೀರಿಸಲು, ಆ ಗುಂಪನ್ನೇ ಬಡಿಯಲು ಇನ್ನೊಂದು ಗುಂಪು. ಎರಡೂ ಗುಂಪಿನವರು ಇಲ್ಲೇ ಕುಳಿತಿದ್ದೀರಿ. ಕುರ್ಚಿಯ ಕೆಳಗೆ ಚೀಲದಲ್ಲಿ ಏನಿದೆಯೆಂದು ನನಗೆ ಗೊತ್ತು — ಇಡುವಾಗ ಕಬ್ಬಿಣದ ಸದ್ದಾಯಿತು.

ಅದನ್ನು ತನ್ನಿ. ಒಬ್ಬೊಬ್ಬರಾಗಿ ಬಂದು ಅಕ್ಕನ ಮುಂದೆ ಇಡಿ. ನೆಲ ನೋಡಬೇಡಿ, ಅವರ ಮುಖ ನೋಡಿ ಇಡಿ. ಆಮೇಲೆ ಮೌನವಾಗಿ ನಿಲ್ಲೋಣ. ಎಷ್ಟು ಹೊತ್ತು ಎಂದು ನಾನು ಹೇಳುವುದಿಲ್ಲ. ಅಕ್ಕ ಕೂರುವವರೆಗೆ ಯಾರೂ ಕೂರಬೇಡಿ.

ಅಗೋ — ಅಕ್ಕ ಎದ್ದರು. ಏಳಿ.