ಬಡಗಿಯ ದಿಂಬು

ನನ್ನ ಕಣ್ಣಾಣೆ, ಇದರಲ್ಲಿ ಒಂದೆಳೆ ಸುಳ್ಳಿಲ್ಲ. ಬಸ್ಸಿನ ಕ್ಯೂನಲ್ಲಿ ನನ್ನ ಮುಂದೆ ಒಬ್ಬ ದರ್ಜಿಯಮ್ಮ, ಒಬ್ಬ ನರ್ಸು ನಿಂತಿದ್ದರು. ಎಲ್ಲ ಧರ್ಮದವರೂ ಒಟ್ಟಿಗೆ ಗೋಡೆಗೆ ಮುಖ ಮಾಡಿ ಝೆನ್ ಧ್ಯಾನಕ್ಕೆ ಕೂರುವ ಹಾಲಿಗೆ ಹೊರಟವರು.

“ಅಕ್ಕಾ, ಇವತ್ತು ಬಡಗಿಯಣ್ಣ ಕೂರ್ತಿದ್ದ ದಿಂಬು ನಂಗೆ ಕೊಟ್ಟಿದಾರೆ,” ಎಂದಳು ನರ್ಸು.

“ಪುಣ್ಯವಂತೆ ಕಣೇ! ಧ್ಯಾನದಲ್ಲೇ ಪ್ರಾಣ ಬಿಟ್ಟೋನ ಜಾಗ.”

“ಗಂಟೆ ಹೊಡೆದ್ರೂ ಏಳಲಿಲ್ಲ ಅಂದ್ರೆ, ಎಂಥಾ ಧ್ಯಾನ ಅಂತ ನಾವೂ ಇನ್ನರ್ಧ ಗಂಟೆ ಜೊತೆಗೆ ಕೂತ್ವಲ್ಲಕ್ಕಾ! ನಾನಾದ್ರೂ ನಾಡಿ ನೋಡಬೇಕಿತ್ತು.”

“ಕೂತೋರನ್ನ ಮುಟ್ಟಬಾರದು ಅಂತ ನೇಮ ಅಲ್ವಾ? ಆಮೇಲೆ ಚರ್ಚಿನೋರು, ಮಸೀದಿಯೋರು, ಗುಡಿಯೋರು ಎಲ್ಲಾ ಪ್ರಾರ್ಥನೆ ಮಾಡಿದ್ರು. ಅಂಥಾ ಸಾವು ಯಾರಿಗುಂಟು ಯಾರಿಗಿಲ್ಲ!”

“ಸಾಯೋ ಹಿಂದಿನ ವಾರ ಬಡಗಿಯಣ್ಣ ಹೇಳಿದ್ದ. ಉಸಿರು ಎಣಿಸುವಾಗ ಗೋಡೆಯೊಳಗಿಂದ ಯಾರೋ ಜೊತೆಗೆ ಎಣಿಸ್ತಾರಂತೆ.”

“ನಿಂಗೇನೂ ಕೇಳ್ಸಿಲ್ಲ ತಾನೆ?”

“ನಿನ್ನೆಯಿಂದ ಕೇಳ್ತಿದೆ. ಮನೇಲೂ.”

“ಹಂಗಾದ್ರೆ ಇವತ್ತು ಬರಬೇಡ್ವೇ!”

“ಬರದಿದ್ರೂ ಎಣಿಸ್ತಾರಲ್ಲ. ಗಂಟೆ ಹೊಡೆದ ತಕ್ಷಣ ನೀವು ನನ್ನ ಮುಟ್ಟಿ ನೋಡ್ತೀರಾ?”

“ನೇಮ ಹಾಳಾಗಿ ಹೋಗ್ಲಿ, ಮೊದಲಿಂದಾನೇ ಕೈ ಹಿಡ್ಕೊಂಡು ಕೂರ್ತೀನಿ. ಕೊಡೇ ಇಲ್ಲಿ... ಅಯ್ಯೋ, ಇದ್ಯಾಕೇ ಇಷ್ಟು ತಣ್ಣಗಿದೆ?”

ಬಸ್ಸು ಬಂತು. ಹಿಡಿದ ಕೈ ಬಿಡದೆ ಇಬ್ಬರೂ ಹತ್ತಿ ಹೋದರು.

ನಂಬಿಕೆ ಬರಲಿಲ್ಲವೇ? ಹಾಗಾದರೆ ನೀವೇ ಹೋಗಿ ಕೂತು ಬನ್ನಿ. ನಿಮ್ಮ ಚಪ್ಪಲಿ ಹೊಸದಾಗಿದೆ, ಅದನ್ನು ಮಾತ್ರ ನನ್ನ ಹತ್ತಿರ ಬಿಟ್ಟು ಹೋಗಿ.